ಮಧ್ಯಾಹ್ನದ ಸೊಪ್ಪು

ಬೆಳಗಿನ ಸೊಪ್ಪಿಗೆ ಹಿಪ್ಪುನೇರಳೆ ಕಡ್ಡಿ ಕೊಯ್ದು ಹೊರೆ ಕಟ್ಟುತ್ತಿದ್ದ ವೆಂಕಟರಾಯಪ್ಪ ಮಗಳ ದನಿ ಕೇಳಿಯೂ ತಲೆ ಎತ್ತಲಿಲ್ಲ. ಗಂಗಾಲಕ್ಷ್ಮಿ ಹಿಂದಿನ ಸಂಜೆ ಮಾಲೂರಿನಿಂದ ಬಂದವಳು.

"ಅಪ್ಪಾ, ಅಮ್ಮನ್ನ ಹೊರಗೆ ಮಲಗ್ಸಿದ್ದೀವಿ. ನೀನಿಲ್ಲಿ ಸೊಪ್ಪು ಕೊಯ್ತಾ ಇದ್ದೀಯಾ?"

"ಮನೇಲಿ ಸಾವಾಗಿದೆ ಅಂತ ಹುಳಕ್ಕೇನಮ್ಮ ಗೊತ್ತು?"

"ಜನ ಏನಂತಾರೆ?"

"ಜನ ಎಲ್ಲಿದಾರೆ, ತೋರಿಸು."

ಅವನು ಹೇಳಿದ್ದು ನಿಜವೇ ಆಗಿತ್ತು. ಅಂಗಳದಲ್ಲಿ ಕದಿರಮ್ಮನ ಹೆಣದ ಸುತ್ತ ಎಂಟು ಜನವಿದ್ದರೆ ಹೆಚ್ಚು. ತಾಯಲೂರಿನ ಸುತ್ತಲಿನ ಈ ಹಳ್ಳಿಗಳಲ್ಲಿ ಮನೆಮನೆಯಲ್ಲೂ ರೇಷ್ಮೆಹುಳ. ಸಾವಿನ ಮನೆಗೆ ಹೋಗಿಬಂದವರು ಹುಳದ ಮನೆಗೆ ಕಾಲಿಟ್ಟರೆ ಮೈಲಿಗೆ ತಗುಲಿ ಹುಳ ಕೆಡುತ್ತದೆ ಎಂದು ನಂಬಿದವರೇ ಎಲ್ಲರೂ. ಹಾಗಾಗಿ ಬೀದಿಯಲ್ಲೇ ನಿಂತು ಚಪ್ಪಲಿ ಬಿಟ್ಟು ಕೈಮುಗಿದು ಹೋದವರೇ ಬಹಳ. ವೆಂಕಟರಾಯಪ್ಪನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮೂವತ್ತು ವರ್ಷ ಅವನೂ ಹಾಗೇ ಮಾಡಿದವನು.

ಅವನ ಹುಳ ನಾಲ್ಕನೇ ಜ್ವರ ಬಿಟ್ಟೆದ್ದು ಇವತ್ತಿಗೆ ಆರು ದಿನ. ಪೊರೆ ಬಿಡುವ ಮೊದಲು ಹುಳ ತಿನ್ನುವುದು ಬಿಟ್ಟು ಮಲಗುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಎಂಟು ದಿನ ಅದರದು ಬಕಾಸುರನ ಹೊಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೊಪ್ಪು ಬೀಳಲೇಬೇಕು. ಆಮೇಲೆ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರ ತಟ್ಟಿಗೆ ಏರಿ, ಗೂಡು ಕಟ್ಟುತ್ತದೆ. ಅಲ್ಲಿಯ ತನಕ ಸಾಕುವವನು ಬದುಕುವುದೂ ಹುಳದ ಹೊತ್ತಿನಲ್ಲೇ.

ಹೊರೆ ಹೊತ್ತು ಹೋಗಿ ಸೊಪ್ಪು ಹರಡಿ ಬಂದ. ಕೈಕಾಲು ತೊಳೆದು ಜಗಲಿಯ ಮೇಲೆ ಕೂತ. ತೋಟದ ಅಂಚಿನಲ್ಲಿ ಮುಳಬಾಗಿಲಿನಿಂದ ಬಂದ ಇಬ್ಬರು ಗುಂಡಿ ತೋಡುತ್ತಿದ್ದರು. ಅವರು ಕದಿರಮ್ಮ ಪ್ರಾರ್ಥನೆಗೆ ಹೋಗುತ್ತಿದ್ದ ಸಭೆಯವರು.

*

ಕದಿರಮ್ಮ ಯೇಸಪ್ಪನನ್ನು ನಂಬಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ವೆಂಕಟರಾಯಪ್ಪ ಬೇಡ ಅನ್ನಲಿಲ್ಲ. ಅವನಿಗೆ ಕಣ್ಣುರಿಯಾಗಿದ್ದು ದೇವರಲ್ಲ, ದೇವರಿಗೆಂದು ಅವಳು ಎತ್ತಿಟ್ಟ ಹೊತ್ತು. ಬೆಳಿಗ್ಗೆ ಆರರಿಂದ ಏಳು. ಸರಿಯಾಗಿ ಮೊದಲ ಸೊಪ್ಪಿನ ಸಮಯಕ್ಕೆ ಆಯಮ್ಮ ಮೂಲೆಯಲ್ಲಿ ಚಾಪೆ ಹಾಸಿ, ಸತ್ಯವೇದ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುತ್ತಿದ್ದಳು.

"ಹುಳಕ್ಕೆ ಹೊಟ್ಟೆ ಹಸಿಯುತ್ತೆ. ನಿನ್ನ ದೇವರಿಗೇನು ಅವಸರ?" ಎಂದು ಅವನು ಹೊರಗಿನಿಂದ ಕೂಗುವನು.

"ಇಪ್ಪತ್ಮೂರು ಗಂಟೆ ನಿಂದು, ನಿನ್ನ ಹುಳದ್ದು. ಇದೊಂದು ಬಿಟ್ಟುಬಿಡು."

"ಹಿಂಗೇ ಕೂತಿದ್ರೆ ಹೊಟ್ಟೆಗೆ ಮಣ್ಣೇ."

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ಹುಲ್ಲಾದರೂ ಮೇಯಿಸಲಿ. ಸೊಪ್ಪು ಕೊಯ್ಯೋಕೆ ಬರ್ತಾನಾ ಕೇಳು."

ಅವಳು ನಗುತ್ತಿದ್ದಳು. ಏಳಕ್ಕೆ ಎದ್ದು ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಇದನ್ನು ಒಪ್ಪಿಕೊಳ್ಳಲು ಅವನಿಗೆ ಅವಳು ಸಾಯಬೇಕಾಯಿತು.

ಎರಡು ವರ್ಷದ ಹಿಂದೆ ಹಿಂದಿನ ಮನೆಯ ಚಿಕ್ಕಗಂಗಮ್ಮನ ಗಂಡ ತೀರಿಕೊಂಡ. ಎಲ್ಲರ ಮನೆಯಲ್ಲೂ ಹುಳ ಕೊನೆಯ ಹಂತದಲ್ಲಿತ್ತು, ಯಾರೂ ಹೋಗಲಿಲ್ಲ. ಕದಿರಮ್ಮ ಹೋದಳು. ಹೆಣಕ್ಕೆ ನೀರು ಹಾಕಿದಳು, ಮೂರು ದಿನ ಆ ಮನೆಯವರಿಗೆ ಮುದ್ದೆ ತೊಳಸಿ ಹಾಕಿದಳು. "ನಮ್ಮ ದೇವರಿಗೆ ಮೈಲಿಗೆ ಇಲ್ಲ" ಎಂದಳು. ಆ ಬೆಳೆಗೆ ಹಾಲುರೋಗ ಬಿತ್ತು. ಹುಳ ಊದಿ, ಒಡೆದು, ತಟ್ಟೆ ತಟ್ಟೆಯೇ ನಾರಿಹೋಯಿತು. ಸತ್ತ ಹುಳವನ್ನು ಸುಣ್ಣದ ಗುಂಡಿಗೆ ಸುರಿದ ವೆಂಕಟರಾಯಪ್ಪ ಮನೆಯೊಳಗೆ ಹೋಗಿ ಅವಳ ಸತ್ಯವೇದವನ್ನೂ ತಂದು ಅದರ ಮೇಲೆಸೆದ. ಕದಿರಮ್ಮ ಗುಂಡಿಗಿಳಿದು ಅದನ್ನೆತ್ತಿ ಸೆರಗಿನಿಂದ ಒರೆಸಿಕೊಂಡಳು. ಅಂಚಿಗೆ ಹತ್ತಿದ ಸುಣ್ಣ ಹೋಗಲೇ ಇಲ್ಲ.

ಅಂದಿನಿಂದ ಅವನು ಚಿಕ್ಕಗಂಗಮ್ಮನ ಮನೆಯವರ ಜೊತೆ ಮಾತು ಬಿಟ್ಟ. ಹುಳದ ಮನೆಯ ಹಿಂದಿನ ಬೇಲಿಯ ಕಡೆಗೆ ಕಾಲಿಡುವುದನ್ನೂ ಬಿಟ್ಟ.

*

ಹನ್ನೊಂದಕ್ಕೆ ಬರುತ್ತೇನೆಂದಿದ್ದ ಪಾಸ್ಟರ್ ಭೀಮರಾಜ್ ಆರು ಜನರೊಡನೆ ಆಟೋದಲ್ಲಿ ಬಂದಿಳಿದಾಗ ಹನ್ನೆರಡೂವರೆ. ದಾರಿಯಲ್ಲಿ ಗಾಡಿ ಕೆಟ್ಟಿತ್ತಂತೆ. ಮಧ್ಯಾಹ್ನದ ಸೊಪ್ಪಿನ ಹೊತ್ತು. ವೆಂಕಟರಾಯಪ್ಪ ಕುಡುಗೋಲು ಹಿಡಿದು ಎದ್ದೇ ಬಿಟ್ಟಿದ್ದ.

ಗಂಗಾಲಕ್ಷ್ಮಿ ಅಡ್ಡ ನಿಂತಳು. "ಅಪ್ಪಾ, ಇವತ್ತೊಂದಿನ."

"ಹುಳ ಬೆಳಿಗ್ಗೆ ತಿಂದಿದ್ದು ಕಣಮ್ಮ."

"ಅಮ್ಮ ನಾಳೆ ಇರಲ್ಲ ಕಣಪ್ಪ."

ಅವನು ಪಾಸ್ಟರ ಕಡೆ ತಿರುಗಿದ. "ಎಷ್ಟು ಹೊತ್ತು ಹಿಡಿಯುತ್ತೆ ಅಯ್ನೋರೇ?"

"ಹಾಡು, ವಾಕ್ಯ, ಪ್ರಾರ್ಥನೆ. ಒಂದು ಗಂಟೆ ಅಣ್ಣ."

ಒಂದು ಗಂಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಹೆಂಡತಿಯ ತಲೆಯ ಪಕ್ಕ ಹೋಗಿ ಕೂತ.

*

ಭಾನುವಾರ ಕದಿರಮ್ಮ ಕೇಳಿದ್ದೂ ಅಷ್ಟೇ.

ನಾಲ್ಕು ತಿಂಗಳಿಂದ ಹೊಟ್ಟೆನೋವು. ಕೋಲಾರದಲ್ಲಿ ತೋರಿಸುವ ಹೊತ್ತಿಗೆ ಕೈಮೀರಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ವಾಸಿ ಮಾಡಪ್ಪ ಎಂದು ಬೇಡಿಕೊಳ್ಳುವುದನ್ನು ಅವಳು ಯಾವಾಗ ನಿಲ್ಲಿಸಿದಳೋ ಅವನಿಗೆ ತಿಳಿಯಲಿಲ್ಲ. ಆರು ಗಂಟೆಗೆ ಎದ್ದು ಕೂರಲಾಗದೆ ಮಲಗಿದಲ್ಲೇ ತುಟಿ ಆಡಿಸುತ್ತಿದ್ದಳು.

"ದಿನಾ ಒಂದು ಗಂಟೆ ನನ್ನತ್ರ ಕೂತ್ಕೋ" ಎಂದಳು. "ಬೆಳಿಗ್ಗೆ ಬೇಡ, ಮಧ್ಯಾಹ್ನ. ಪ್ರಾರ್ಥನೆ ಮಾಡು ಅನ್ನಲ್ಲ. ಸುಮ್ನೆ ಕೂತ್ಕೋ ಸಾಕು."

"ಮಧ್ಯಾಹ್ನದ ಸೊಪ್ಪು ಯಾರು ಕೊಯ್ತಾರೆ?"

"ಸೊಪ್ಪಿನ ಯೋಚನೆ ಬಿಡು. ಅದು ಬರುತ್ತೆ."

"ಯಾರು ತರ್ತಾರೆ, ನಿನ್ನ ಯೇಸಪ್ಪನಾ?"

"ಹೂಂ ಅನ್ಕೋ."

ಇವಳ ಹಳೇ ರಾಗ ಎಂದುಕೊಂಡ ಅವನು. ಆದರೂ ಮುಖ ನೋಡಿ ಮನಸ್ಸು ತಡೆಯಲಿಲ್ಲ. "ಹುಳ ಚಂದ್ರಿಕೆಗೆ ಏರಲಿ ಕಣೇ. ಆರು ದಿನ. ಆಮೇಲೆ ದಿನವೆಲ್ಲ ಕೂತ್ಕೋತೀನಿ."

"ಆಗಲಿ" ಎಂದಳು.

ಸೋಮವಾರ ಮಧ್ಯಾಹ್ನ ಅವಳು ಅವನ ಮುಖ ನೋಡಿದಳು. ಮಂಗಳವಾರವೂ ನೋಡಿದಳು. ಬುಧವಾರ ಅವನು ಸೊಪ್ಪು ಹಾಕಿ ಬಂದು ಕಾಫಿ ಲೋಟ ಹಿಡಿದು ಬಗ್ಗಿದಾಗ ಅವಳ ಕಣ್ಣು ಬಾಗಿಲ ಕಡೆಗಿತ್ತು. ಕೈ ತಣ್ಣಗಾಗಿತ್ತು.

*

ಹಾಡು ಅವನಿಗೆ ಬರಲಿಲ್ಲ. ಪ್ರಾರ್ಥನೆಯೂ ಬರಲಿಲ್ಲ. ಕೂತ. ನೊಣ ಓಡಿಸಿದ. ಅವಳ ಹಣೆಯ ಮೇಲೆ ಬಿದ್ದ ಕೂದಲನ್ನು ಒಮ್ಮೆ ಸರಿಸಿದ. ಬದುಕಿದ್ದಾಗ ಇಷ್ಟು ಹೊತ್ತು ಅವಳ ಮುಖ ನೋಡಿದ್ದೇ ಇಲ್ಲವಲ್ಲ ಎನಿಸಿ ಎದೆ ಒಡೆಯಿತು. ಆಗಲೂ ಅವನ ಒಂದು ಕಿವಿ ಹುಳದ ಮನೆಯ ಕಡೆಗೇ ಇತ್ತು. ಅದಕ್ಕಾಗಿ ತನ್ನ ಮೇಲೇ ಅಸಹ್ಯಪಟ್ಟುಕೊಂಡ.

ಬಂದವರಲ್ಲಿ ಹೆಂಗಸರೇ ಹೆಚ್ಚು; ಹೊರಲು ನಾಲ್ವರು ಗಂಡಸರು ಸಾಲದೆ ಭೀಮರಾಜರೇ ಒಂದು ಕಡೆ ಹೆಗಲು ಕೊಟ್ಟರು. ಸುಣ್ಣದಂಚಿನ ಸತ್ಯವೇದವನ್ನು ಎದೆಯ ಮೇಲಿಡೋಣವೆಂದು ಅವರು ಕೇಳಿದರೆ ಗಂಗಾಲಕ್ಷ್ಮಿ ಕೊಡಲಿಲ್ಲ. ಮಣ್ಣು ಮುಚ್ಚಿ, ಎರಡು ಕಡ್ಡಿ ಕಟ್ಟಿ ಶಿಲುಬೆ ನೆಟ್ಟರು. ಎಲ್ಲ ಮುಗಿದು ಆಟೋ ಹೊರಡುವಾಗ ನಾಲ್ಕು ಗಂಟೆ.

ವೆಂಕಟರಾಯಪ್ಪ ಮೈ ತೊಳೆದುಕೊಂಡು ಹುಳದ ಮನೆಯ ಬಾಗಿಲು ತೆಗೆದ. ತಟ್ಟೆಗಳಲ್ಲಿ ಬರೀ ಕಡ್ಡಿ ಉಳಿದಿತ್ತು. ಹಸಿದ ಹುಳ ತಲೆ ಎತ್ತುತ್ತದೆ. ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ ಸಾವಿರಾರು ಹುಳ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು.

"ಅಣ್ಣಾ" ಎಂದು ಹಿಂದಿನ ಬೇಲಿಯ ಕಡೆಯಿಂದ ಯಾರೋ ಕರೆದರು.

ಎರಡು ವರ್ಷದಿಂದ ತುಳಿಯದ ದಾರಿ ಹಿಡಿದು ಹುಳದ ಮನೆಯ ಹಿಂಭಾಗಕ್ಕೆ ಹೋದ. ಬೇಲಿಯ ಆಚೆ ಚಿಕ್ಕಗಂಗಮ್ಮ ನಿಂತಿದ್ದಳು.

"ಒಳಕ್ಕೆ ಬರೋಕಾಗಲ್ಲ ಅಣ್ಣ. ನಮ್ಮ ಹುಳ ಮೂರನೇ ಜ್ವರದಲ್ಲಿದೆ. ಸೊಸೆ ಬಿಡಲಿಲ್ಲ. ಅಕ್ಕ ನನ್ನ ಮನೆಗೆ ಬಂದಿದ್ದಳು, ನಾನು ಬರಲಿಲ್ಲ. ಈ ಪಾಪ ನಂಗಿರಲಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತಿನದು ಇಟ್ಟಿದ್ದೀನಿ. ಎತ್ಕೋ."

"ಏನು ಇವತ್ತಿನದು?"

"ಸೊಪ್ಪು. ಅಕ್ಕ ಭಾನುವಾರ ಫೋನ್ ಮಾಡಿದ್ದಳು. ಆಯಪ್ಪ ಮಧ್ಯಾಹ್ನ ಒಂದು ಗಂಟೆ ನನ್ನ ಹತ್ರ ಕೂತ್ಕೋತಾನೆ, ಆ ಹೊತ್ತಿನ ಸೊಪ್ಪು ನೀನು ಕೊಯ್ದು ಬೇಲಿ ಹತ್ರ ಇಡು ಅಂದಳು. ನಿಮ್ಮ ಮನೇದು ಅಂದ್ರೆ ಮುಟ್ಟಲ್ಲ, ಕೂತ್ಕೊಂಡ ಮೇಲೆ ನಾನೇ ಹೇಳ್ತೀನಿ ಅಂದಳು."

ಅವಳು ಬೇಲಿಯ ಈಚೆಗಿದ್ದ ಹೊಂಗೆಮರದ ಕಡೆ ಕೈ ತೋರಿಸಿದಳು.

"ಸೋಮವಾರದ್ದು ಹಂಗೇ ಬಿದ್ದಿತ್ತು. ಎತ್ತಿಲ್ವಲ್ಲಕ್ಕ ಅಂದೆ. ಇವತ್ತಲ್ಲದಿದ್ರೆ ನಾಳೆ ಕೂತ್ಕೋತಾನೆ, ನೀನು ಇಡೋದು ನಿಲ್ಲಿಸಬೇಡ ಅಂದಳು."

ಚಿಕ್ಕಗಂಗಮ್ಮ ಹೋದಳು. ಹೊಂಗೆಮರದ ಬುಡದಲ್ಲಿ ನಾಲ್ಕು ಹೊರೆಗಳು ಸಾಲಾಗಿ ಬಿದ್ದಿದ್ದವು. ಕೊನೆಯದರ ಮೇಲೆ ಒದ್ದೆ ಗೋಣಿ ಹೊದಿಸಿತ್ತು, ಸೊಪ್ಪು ಹಸಿರಾಗಿತ್ತು. ಅದರ ಪಕ್ಕದ್ದು ಬಾಡಿತ್ತು. ಅದರಾಚೆಯದು ಕಂದಾಗಿತ್ತು.

ವೆಂಕಟರಾಯಪ್ಪ ಮೊದಲನೆಯದರ ಮುಂದೆ ಕುಕ್ಕರಿಸಿ ಹಗ್ಗ ಬಿಚ್ಚಿದ. ಸೋಮವಾರದ ಎಲೆ ಬೆರಳು ತಾಗಿದ್ದೇ ಪುಡಿಯಾಗಿ ಉದುರಿತು. ಒಂದೊಂದೇ ಕಡ್ಡಿ ಎತ್ತಿ, ಎಲ್ಲಾದರೂ ಹಸಿರು ಉಳಿದಿದೆಯೇ ಎಂದು ಅವನು ಹುಡುಕುತ್ತಲೇ ಇದ್ದ. ಒಳಗೆ ಹುಳಗಳು ತಲೆ ಎತ್ತಿಕೊಂಡೇ ಇದ್ದವು.