ಟೇಪಕ್ಕನ ಟ್ರಯಲ್ ಕಾಲ್

1

ಈ ಕಥೆಯನ್ನು 'ಹಲೋ' ಅಂತ ಶುರು ಮಾಡಲೇ? ಮಾಡಬಹುದು. ಆದರೆ ಹಲೋ ಅಂದಮೇಲೆ ಆ ಕಡೆಯಿಂದಲೂ ಯಾರಾದರೂ ಹಲೋ ಅನ್ನಬೇಕಲ್ಲ. ನೀವೋ ಓದುಗರು, ಪುಟದ ಆ ಕಡೆ ಗಪ್‌ಚಿಪ್ ಕೂತಿದ್ದೀರಿ. ನಾನೊಬ್ಬಳೇ ಹಲೋ ಹಲೋ ಅಂತ ಅರಚಿಕೊಂಡರೆ ಒಲೆ ಮೇಲಿನ ಹಾಲು ಕೂಡ ನಕ್ಕು ಉಕ್ಕೀತು.

(ಉಕ್ಕಿತು. ಇರಿ, ಬಂದೆ.)

ಮತ್ತೆ 1

ಒಲೆ ಒರೆಸಿ ಬಂದೆ. ಈ ಸಲ ಘನವಾಗಿ ಶುರು ಮಾಡೋಣ: 'ಮುಂಜಾನೆಯ ಹೊಂಬಿಸಿಲು ಕಾರ್ಖಾನೆಯ ಕಿಟಕಿಗಳನ್ನು ಮೆಲ್ಲಗೆ ಸವರುತ್ತಿತ್ತು. ಅಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಾ ನಿಂತಿದ್ದ ಅವಳು...'

"ಯಾವ ಕಿಟಕಿ?" ಅಂದಳು ಅವಳು.

ನಮ್ಮ ಕಥೆಯ ಹೆಂಗಸು. ಇನ್ನೂ ಹೆಸರೂ ಇಟ್ಟಿಲ್ಲ, ಆಗಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ.

"ಪ್ಯಾಕಿಂಗ್ ಹಾಲಲ್ಲಿ ಕಿಟಕಿ ಎಲ್ಲಿದೆ ಅಕ್ಕಾ? ಕಿಟಕಿ ಇರೋದು ಮೇಲೆ, ಫೋನ್ ಡೆಸ್ಕ್ ಹತ್ರ. ಅಲ್ಲಿಗೆ ಹೋಗೋಕೇ ತಾನೆ ನಾನಿಷ್ಟು ಒದ್ದಾಡ್ತಿರೋದು? ನೀವು ಮೊದಲ್ನೇ ಸಾಲಲ್ಲೇ ಬಿಸಿಲು ಬಿಡಿಸಿಬಿಟ್ರೆ ಆಮೇಲೆ ಏನ್ ಬರೀತೀರಿ?"

ಹೊಂಬಿಸಿಲನ್ನು ವಾಪಸ್ ತೆಗೆದುಕೊಂಡೆ.

2

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೀರೆತ್ತುವ ಪಂಪು ಮಾಡುವ ಕಂಪನಿ. ಅದರ ಪ್ಯಾಕಿಂಗ್ ಹಾಲಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಕೆಲಸ ಅವಳದು. ಎಲ್ಲರೂ ಅವಳನ್ನು ಟೇಪಕ್ಕ ಅನ್ನುತ್ತಾರೆ. ಅಲ್ಲಿ ಮಷೀನುಗಳ ಗದ್ದಲ ಎಷ್ಟೆಂದರೆ ಮಾತೆಲ್ಲ ಕೈಯಲ್ಲೇ. ಎರಡು ಬೆರಳೆತ್ತಿದರೆ ಸಣ್ಣ ಪೆಟ್ಟಿಗೆ. ತಲೆ ಸುತ್ತ ಬೆರಳು ತಿರುಗಿಸಿದರೆ ಮ್ಯಾನೇಜರ್ ಬರುತ್ತಿದ್ದಾರೆ.

ಟೇಪಕ್ಕ ಬಾಯಿಬಡುಕಿ. (ಇದನ್ನು ಬರೆಯಲೇ ಅಂತ ಕೇಳಿದ್ದಕ್ಕೆ, "ಬರೀರಿ, ಸುಳ್ಳೇನಲ್ಲವಲ್ಲ" ಅಂದಳು.) ಮಾತಾಡದೆ ಒಂದು ದಿನ ಕಳೆಯುವುದೂ ಅವಳಿಗೆ ಉಸಿರು ಕಟ್ಟಿದ ಹಾಗೆ. ಅಂಥವಳನ್ನು ದೇವರು ವರ್ಷಗಟ್ಟಲೆ ಆ ಗದ್ದಲದಲ್ಲಿ ನಿಲ್ಲಿಸಿದ್ದಾನೆ. ದೇವರಲ್ಲ, ನಾನೇ ನಿಲ್ಲಿಸಿದ್ದು. ಕಥೆಗೆ ಬೇಕಿತ್ತು.

ಈಗ ಕಂಪನಿ ಪರದೇಶದ ಗಿರಾಕಿಗಳಿಗಾಗಿ ಫೋನ್ ಡೆಸ್ಕ್ ತೆರೆಯುತ್ತಿದೆ. ಇರುವುದು ಒಂದೇ ಕುರ್ಚಿ. ಒಳಗಿನವರು ಯಾರಾದರೂ ಇಂಗ್ಲಿಷಿನಲ್ಲಿ ಟ್ರಯಲ್ ಕಾಲ್ ಪಾಸಾದರೆ ಕುರ್ಚಿ ಅವರದು, ಇಲ್ಲದಿದ್ದರೆ ಹೊರಗಿನಿಂದ ಯಾರನ್ನೋ ತರುತ್ತಾರೆ. ಹೆಸರು ಕೊಟ್ಟವಳು ಟೇಪಕ್ಕ ಒಬ್ಬಳೇ. ಸಿಗುವುದು ಒಂದೇ ಅವಕಾಶ. ಶುಕ್ರವಾರ.

3

ಕಲಿಸಲು ಕೂತವಳು ಕಾಲೇಜಿಗೆ ಹೋಗುವ ಮಗಳು. ಫೋನ್ ಎತ್ತಿದರೆ ಏನನ್ನಬೇಕು, ಬೇರೆಯವರಿಗೆ ಲೈನ್ ಕೊಡುವಾಗ ಏನನ್ನಬೇಕು, ಮಾತು ತುಂಡು ತುಂಡಾಗಿ ಕೇಳಿದರೆ ಏನು, ವಿಡಿಯೋ ಕಾಲಿನಲ್ಲಿ ಎದುರಿನವರ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟರೆ ಏನು, ಎಲ್ಲವನ್ನೂ ತನ್ನ ದನಿಯಲ್ಲಿ ಅಮ್ಮನ ಮೊಬೈಲಿಗೆ ರೆಕಾರ್ಡ್ ಮಾಡಿಕೊಟ್ಟಳು.

ಟೇಪಕ್ಕ ಪಾತ್ರೆ ತೊಳೆಯುತ್ತಾ 'ಪ್ಲೀಸ್ ಹೋಲ್ಡ್ ದ ಲೈನ್' ಅಂದಳು. ಬಟ್ಟೆ ಮಡಿಸುತ್ತಾ 'ಐ ವಿಲ್ ಪುಟ್ ಯೂ ಥ್ರೂ' ಅಂದಳು.

"ಪುಟ್ ಯೂ ಥ್ರೂ ಅಂದ್ರೆ ಅವರನ್ನ ಎಲ್ಲಿಗೆ ತೂರಿಸೋದೇ?"

"ಲೈನ್ ಕೊಡ್ತೀನಿ ಅಂತ ಅಮ್ಮಾ."

"ಹಾಗಂತ ಹೇಳಬಾರ್ದಾ? ಮರ್ಯಾದಸ್ಥರನ್ನ ತೂರಿಸೋದ್ಯಾಕೆ? ಸರಿ, ಕಸ್ಟಮರ್ ಏನ್ ಕೇಳ್ತಾರೆ, ಅದನ್ನೂ ಹೇಳ್ಕೊಡು."

"ಕೇಳೋದು ಅವರ ಕೆಲಸ. ನೀನು ಹೇಳೋದು ಕಲಿ, ಸಾಕು. ನಂಗೆ ನಾಳೆ ಟೆಸ್ಟ್ ಇದೆ."

ಓದುಗರೇ, ಎಡವಟ್ಟು ಹುಟ್ಟಿದ್ದು ಇಲ್ಲೇ. ನನಗೆ ಗೊತ್ತಿತ್ತು. ಆದರೆ ಅಡ್ಡ ಬಾಯಿ ಹಾಕಿದರೆ ಕಥೆ ನಿಲ್ಲುತ್ತಿತ್ತು.

ಮಗಳಿಗೆ ಪುರುಸೊತ್ತಿಲ್ಲ. ಗಿರಾಕಿ ಆಗುವವರು ಯಾರು? ಅತ್ತೆ. ಅವರಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಆದರೆ ದೂರು ಹೇಳಲು ಇಂಗ್ಲಿಷ್ ಯಾಕೆ? ಅವರು ಹಾಲಿನ ಸೋಫಾದಲ್ಲಿ ಕಾಲು ಚಾಚಿ ಕೂತು ಅಡುಗೆಮನೆಗೆ ಫೋನ್ ಹಚ್ಚಿದರು.

"ಏನಮ್ಮಾ, ನಿಮ್ಮದು ಪಂಪೋ ಪೀಪಿಯೋ? ಶಬ್ದ ಮಾತ್ರ ಬರುತ್ತೆ, ನೀರು ಬರಲ್ಲ!"

"ಐ ಆಮ್ ಸೋ ಸಾರಿ ಟು ಹಿಯರ್ ದಟ್, ಮೇಡಂ."

"ಸಾರಿ ಹೇಳಿದ್ರೆ ಕೊಡ ತುಂಬುತ್ತಾ? ನಿಮ್ಮ ಯಜಮಾನನ್ನ ಕರೀರಿ!"

"ಐ ವಿಲ್ ಪುಟ್ ಯೂ ಥ್ರೂ, ಮೇಡಂ. ಪ್ಲೀಸ್ ಹೋಲ್ಡ್ ದ ಲೈನ್."

ಗಂಡ ಕೆಲಸ ಮುಗಿಸಿ ಬಂದವನು ಬಾಗಿಲಲ್ಲಿ ಇದನ್ನು ಕೇಳಿ, ಅತ್ತೆ ಸೊಸೆಗೆ ಕೊನೆಗೂ ಹತ್ತಿಕೊಂಡಿತು ಅಂತ ಚಪ್ಪಲಿ ಕೂಡ ಬಿಡದೆ ಹಾಗೇ ಹಿಂದಕ್ಕೆ ಹೋದ.

ಒಮ್ಮೆ ತಾರಸಿಯಿಂದ ಮಾಡಿದ ವಿಡಿಯೋ ಕಾಲಿನಲ್ಲಿ ಅತ್ತೆ, ಹಣೆ ಮಾತ್ರ ಕಾಣುವ ಹಾಗೆ ಮೊಬೈಲ್ ಹಿಡಿದು, ಉಸಿರು ಬಿಡದೆ ಬೈದರು. ಮುಗಿದ ಮೇಲೆ ಸೊಸೆ ಮೆತ್ತಗೆ ಅಂದಳು, "ಮೇಡಂ, ಯೂ ಆರ್ ಆನ್ ಮ್ಯೂಟ್."

"ಅಂದ್ರೆ?"

"ನಿಮ್ಮ ದನಿ ಬಂದ್ ಆಗಿತ್ತು ಅತ್ತೆ. ಏನೂ ಕೇಳಿಸ್ಲಿಲ್ಲ."

"ಅಯ್ಯೋ! ಅಷ್ಟು ಚೆನ್ನಾಗಿ ಬಂದಿತ್ತಲ್ಲೇ! ಇನ್ನೊಂದ್ಸಲ ಬೈದ್ರೆ ಆ ಕಳೆ ಬರಲ್ಲ."

(ಕುಕ್ಕರ್ ಕೂಗಿತು. ಇಳಿಸಿ ಬರುತ್ತೇನೆ. ಅಷ್ಟರಲ್ಲಿ ನೀವು ಯೋಚಿಸಿ: ಈ ಮನೆಯಲ್ಲಿ ಏನು ತಪ್ಪಾಗುತ್ತಿದೆ?)

4

ಕಂಡುಹಿಡಿದಿರಾ? ಪ್ರಶ್ನೆಯೆಲ್ಲ ಕನ್ನಡದಲ್ಲಿ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಜಗತ್ತಿನ ಯಾವ ಗಿರಾಕಿಯೂ ಹಾಗೆ ಮಾತಾಡುವುದಿಲ್ಲ.

ಶುಕ್ರವಾರ. ಫೋನ್ ಡೆಸ್ಕ್. ಮ್ಯಾನೇಜರ್ ಪಕ್ಕದಲ್ಲಿ ಕೂತು ಇನ್ನೊಂದು ಹೆಡ್‌ಫೋನ್ ಏರಿಸಿಕೊಂಡರು. ಹೆಡ್ ಆಫೀಸಿನ ಟ್ರೇನರ್ ಒಬ್ಬರು ಗಿರಾಕಿಯ ವೇಷದಲ್ಲಿ ಕರೆ ಮಾಡುತ್ತಾರೆ ಅಂತ ಮೊದಲೇ ಹೇಳಿದ್ದರು. ಫೋನ್ ಬಡಿದುಕೊಂಡಿತು.

"ಗುಡ್ ಮಾರ್ನಿಂಗ್. ಹೌ ಮೇ ಐ ಹೆಲ್ಪ್ ಯೂ?" ಟೇಪಕ್ಕನ ದನಿ ತಿಳಿನೀರಿನ ಹಾಗೆ ಹರಿಯಿತು. ಮ್ಯಾನೇಜರ್ ಹುಬ್ಬೇರಿಸಿದರು.

ಆಮೇಲೆ ಆ ಕಡೆಯವರು ಮಾತಾಡಿದರು. ಅವಳಿಗೆ 'ಪಂಪ್' ಅಂತ ಕೇಳಿಸಿತು. 'ಟುಡೇ' ಅಂತ ಕೇಳಿಸಿತು. ನಡುವೆ ಒಂದು ಗೂಡ್ಸ್ ರೈಲೇ ಹಾದುಹೋಯಿತು. ಉತ್ತರಗಳೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಂತೆ ಮಡಚಿ ರೆಡಿ ಇವೆ, ಆದರೆ ಯಾವುದನ್ನು ಎತ್ತಿಕೊಡಬೇಕು?

ಮುಗಿತಾಯ ಒಂದು

ಅವಳು ಹೆಡ್‌ಫೋನ್ ಕಳಚಿಟ್ಟು, ಮೆಟ್ಟಿಲಿಳಿದು, ಮತ್ತೆ ಟೇಪಿನ ಸುರುಳಿ ಕೈಗೆತ್ತಿಕೊಳ್ಳುತ್ತಾಳೆ. ಮಷೀನುಗಳ ಗದ್ದಲದಲ್ಲಿ ಅವಳ ನಿಟ್ಟುಸಿರು ಯಾರಿಗೂ ಕೇಳುವುದಿಲ್ಲ. (ಸೋತವರ ಬಗ್ಗೆ ಬರೆದರೆ ಗೌರವ ಜಾಸ್ತಿ. ವಿಮರ್ಶಕರು ಬೆನ್ನು ತಟ್ಟುತ್ತಾರೆ.)

"ನಿಮ್ಮ ಬೆನ್ನು ತಟ್ಟಿಸ್ಕೊಳ್ಳೋಕೆ ನನ್ನ ಬೆನ್ನು ಮುರೀಬೇಕಾ ಅಕ್ಕಾ?"

ಸರಿ, ಹೊಡೆದುಹಾಕಿದೆ.

ಮುಗಿತಾಯ ಎರಡು

ಅವಳ ಮೌನ ಕೇಳಿ ಟ್ರೇನರ್ ಮರುಗುತ್ತಾರೆ. "ಹೆದರಬೇಡಿ ತಾಯಿ, ನಾನೂ ಕನ್ನಡದವನೇ" ಅನ್ನುತ್ತಾರೆ. ಓದುಗರ ಕಣ್ಣಲ್ಲಿ ನೀರು.

"ಬೇಡವೇ ಬೇಡ. ಕನಿಕರಕ್ಕೆ ಕೊಟ್ಟ ಕುರ್ಚಿ ಅಂತ ಪ್ಯಾಕಿಂಗ್‌ನವರು ಆಡ್ಕೋತಾರೆ. ಕೈಯಲ್ಲೇ ಆಡ್ಕೋತಾರೆ, ತಿರುಗಿಸಿ ಬೈಯೋಕೂ ಆಗಲ್ಲ."

"ಹಾಗಾದ್ರೆ ನೀನೇ ಹೇಳಮ್ಮ, ಏನು ಮಾಡ್ತೀಯ?"

"ನನಗೇನ್ ಗೊತ್ತು? ಸ್ವಲ್ಪ ಹೊತ್ತು ಸುಮ್ನಿರಿ. ನೀವು ಮಾತಾಡ್ತಿದ್ರೆ ಅವರು ಹೇಳೋದು ಕೇಳಿಸಲ್ಲ."

ಸುಮ್ಮನಾದೆ. ಮಕ್ಕಳು ಮೊದಲ ಸಲ ಸೈಕಲ್ ತುಳಿಯುವಾಗ ಹಿಂದಿನಿಂದ ಹಿಡಿದಿದ್ದ ಕೈಯನ್ನು ಒಂದು ಗಳಿಗೆಯಲ್ಲಿ ಬಿಡಬೇಕಾಗುತ್ತದಲ್ಲ, ಹಾಗೆ.

5

ಟೇಪಕ್ಕ ಮೊದಲು ಸುಲಭದ ದಾರಿ ಹಿಡಿದಳು. "ಐ ಆಮ್ ಸಾರಿ, ದ ಲೈನ್ ಈಸ್ ಬ್ರೇಕಿಂಗ್ ಅಪ್." ಮಾತು ತುಂಡಾಗುತ್ತಿದೆ ಅಂತ. ಟ್ರೇನರ್ ನಂಬಿದರು. ಫೋನಿಟ್ಟು, ಹೊಸದಾಗಿ ಕರೆ ಮಾಡಿ, ಅದನ್ನೇ ಅದೇ ವೇಗದಲ್ಲಿ, ಗಂಟಲು ಹರಿದುಕೊಂಡು ಹೇಳಿದರು. ಈ ಸಲ ಗೂಡ್ಸ್ ರೈಲು ಶಿಳ್ಳೆ ಹೊಡೆದುಕೊಂಡು ಹೋಯಿತು, ಅಷ್ಟೇ ವ್ಯತ್ಯಾಸ.

ಮ್ಯಾನೇಜರ್ ಪೆನ್ನೆತ್ತಿಕೊಂಡರು. ಅವರ ಹೆಡ್‌ಫೋನಿನಲ್ಲಿ ಲೈನು ಗಾಜಿನಷ್ಟು ಸ್ವಚ್ಛವಾಗಿದೆ, ಅದು ಅವಳಿಗೂ ಗೊತ್ತು. ಇನ್ನೊಮ್ಮೆ ಅದೇ ಸುಳ್ಳು ಹೇಳುವ ಹಾಗಿಲ್ಲ. ಮಗಳ ರೆಕಾರ್ಡಿಂಗಿನಲ್ಲಿ ಇದಕ್ಕೆ ವಾಕ್ಯವಿಲ್ಲ. ನನ್ನ ಹತ್ತಿರವೂ ಇಲ್ಲ.

ಅವಳು ಬೆನ್ನು ನೆಟ್ಟಗೆ ಮಾಡಿ, ತನ್ನದೇ ಒಂದು ವಾಕ್ಯ ಕಟ್ಟಿದಳು.

"ಸರ್, ಲೈನ್ ಈಸ್ ಗುಡ್. ಮೈ ಇಯರ್ ಈಸ್ ನ್ಯೂ. ಸ್ಲೋಲಿ, ಪ್ಲೀಸ್."

ಲೈನು ಚೆನ್ನಾಗಿದೆ ಸ್ವಾಮಿ, ನನ್ನ ಕಿವಿ ಹೊಸದು, ನಿಧಾನ.

ಮ್ಯಾನೇಜರರ ಪೆನ್ನು ಗಾಳಿಯಲ್ಲೇ ನಿಂತಿತು. (ನಾನೂ ತರಕಾರಿ ಹೆಚ್ಚುವುದು ನಿಲ್ಲಿಸಿದೆ.)

"ಆಫ್ ಕೋರ್ಸ್," ಅಂದರು ಆ ಕಡೆಯವರು. ಆಮೇಲೆ ಒಂದೊಂದೇ ಪದ ಬಂತು. ಅವಳು ಒಂದೊಂದನ್ನೂ ಹಿಡಿದು ತಿರುಗಿಸಿ ಹೇಳಿದಳು, ಸರಿಯೇ ಅಂತ ಕೇಳಿದಳು. ಪಂಪ್. ರನ್ನಿಂಗ್. ನಾಯ್ಸ್. ನೋ ವಾಟರ್.

ಅರೆ! ಶಬ್ದ ಬರುತ್ತೆ, ನೀರು ಬರಲ್ಲ! ಇದು ಅತ್ತೆಯ ದೂರು! ಪ್ಯಾಂಟು ಶರಟು ಹಾಕಿಕೊಂಡು ಬಂದಿದೆ ಅಷ್ಟೇ!

ಅಲ್ಲಿಂದ ಅವಳನ್ನು ಹಿಡಿಯುವವರೇ ಇಲ್ಲ. "ಐ ಆಮ್ ಸೋ ಸಾರಿ ಟು ಹಿಯರ್ ದಟ್, ಸರ್." ಹಳೇ ಪಂಪೋ ಹೊಸದೋ ಕೇಳಿದಳು. ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡಳು. ಟ್ರೇನರ್ ತಮ್ಮ ಪಾಠದ ಪ್ರಕಾರ ಸಿಟ್ಟಿಗೇಳಬೇಕಿತ್ತು, ಎದ್ದರು, ದನಿ ಏರಿಸಿದರು. ಟೇಪಕ್ಕನಿಗೆ ನಗು ಬಂತು. ಇದೂ ಒಂದು ಬೈಗುಳವೇ? ಇವರನ್ನು ಒಂದು ಸಂಜೆ ನಮ್ಮ ಸೋಫಾದ ಪಕ್ಕ ಕೂರಿಸಬೇಕು. ಅವಳು ಬೆಣ್ಣೆಯಂಥ ದನಿಯಲ್ಲಿ, "ಐ ಅಂಡರ್‌ಸ್ಟ್ಯಾಂಡ್, ಸರ್. ಪ್ಲೀಸ್ ಡೋಂಟ್ ಹ್ಯಾಂಗ್ ಅಪ್. ಐ ವಿಲ್ ಪುಟ್ ಯೂ ಥ್ರೂ ಟು ಸರ್ವೀಸ್" ಅಂದು, ಗುಂಡಿ ಒತ್ತಿ, ಅವರನ್ನು ಲಕ್ಷಣವಾಗಿ ಸರ್ವೀಸಿನವರ ಬಳಿಗೆ ತೂರಿಸಿದಳು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ಈಗ ವೇಷ ಕಳಚಿದ ಟ್ರೇನರ್. ನಿಧಾನವಾಗಿ ಕೇಳಿದರು, ನಿಮಗೆ ತರಬೇತಿ ಕೊಟ್ಟವರು ಯಾರು?

"ಮೈ ಮದರ್ ಇನ್ ಲಾ, ಸರ್. ವೆರಿ ಸೀನಿಯರ್."

ಆ ಕಡೆಯ ನಗು ಹೆಡ್‌ಫೋನ್ ದಾಟಿ ಹೊರಗೂ ಕೇಳಿಸಿತು. ಬೇರೆ ಬ್ರಾಂಚುಗಳಲ್ಲಿ ಇದೇ ಟ್ರಯಲ್ ಕೊಟ್ಟ ಯಾರೂ ಅರ್ಥವಾಗಲಿಲ್ಲ ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರೂ 'ಎಸ್ ಸರ್' ಅಂದು ತಪ್ಪು ಪಂಪು ಕಳಿಸಿದವರೇ ಅಂತ ಮ್ಯಾನೇಜರಿಗೆ ಹೇಳಿದರು.

ಮ್ಯಾನೇಜರ್ ಹೆಡ್‌ಫೋನ್ ತೆಗೆದರು. "ಟೇಪಕ್ಕಾ, ಕುರ್ಚಿ ನಿಮ್ಮದು. ಸೋಮವಾರದಿಂದ ಕೂತ್ಕೊಳ್ಳಿ."

"ಸೋಮವಾರದವರೆಗೆ ಯಾಕೆ ಸರ್ ಏಳಲಿ? ಕೂತೇ ಇದೀನಲ್ಲ."

6, ಅಥವಾ ಯಾವುದೋ ಒಂದು

ಈಗ ಬಿಸಿಲು. ಎಷ್ಟು ಬೇಕೋ ಅಷ್ಟು. ಕಿಟಕಿಯ ಗಾಜಿನ ಮೇಲೆ, ಮೇಜಿನ ಮೇಲೆ, ಟೇಪಿನ ಅಂಟು ಇನ್ನೂ ಹೋಗದ ಅವಳ ಬೆರಳುಗಳ ಮೇಲೆ. ಈ ಸಲ ಅವಳು ತಕರಾರು ಮಾಡಲಿಲ್ಲ.

ಇನ್ನು ಮನೆಯ ದೃಶ್ಯ. ನನ್ನ ಹತ್ತಿರ ಮೂರು ಇವೆ. ಒಂದರಲ್ಲಿ ಅತ್ತೆ ಸುದ್ದಿ ಕೇಳಿ ಅಳುತ್ತಾರೆ. ಇನ್ನೊಂದರಲ್ಲಿ, "ನನಗೂ ಸಂಬಳ ಕೊಡಿಸೇ" ಅನ್ನುತ್ತಾರೆ. ಮೂರನೆಯದರಲ್ಲಿ ಏನೂ ಅನ್ನದೆ ಸೊಸೆಯ ತಲೆ ಮೇಲೆ ಕೈಯಿಟ್ಟು... ಇದೇ ಚೆನ್ನಾಗಿದೆ, ಬರೆಯುತ್ತೇನೆ. 'ಸಂಜೆ ಟೇಪಕ್ಕ ಮನೆ ಬಾಗಿಲು ತಳ್ಳಿದಾಗ ಅತ್ತೆ...'

"ಅಕ್ಕಾ, ನಿಲ್ಲಿಸಿ."

"ಯಾಕೆ? ಓದುಗರು ಕಾಯ್ತಿದಾರೆ."

"ಕಾಯ್ಲಿ. ನಾನಿನ್ನೂ ಮನೆಗೇ ಹೋಗಿಲ್ಲ. ಅತ್ತೆಗಿಂತ ಮುಂಚೆ ಊರಿಗೆಲ್ಲ ಗೊತ್ತಾದ್ರೆ ಅವರು ನನ್ನ ಸುಮ್ನೆ ಬಿಡ್ತಾರಾ? ನಾನೇ ಹೇಳ್ಬೇಕು. ನನ್ನ ಬಾಯಲ್ಲೇ."

"ಆಮೇಲೆ ಬರೀಬಹುದಲ್ಲ?"

"ಆಮೇಲೂ ಬೇಡ. ಅದು ನಮ್ಮಿಬ್ಬರದು."

ಅವಳು ಮ್ಯಾನೇಜರ್ ಕಡೆ ನೋಡಿದಳು, ಅವರು ಆಗಲಿ ಅಂತ ತಲೆಯಾಡಿಸಿದರು. ಆಫೀಸಿನ ಫೋನೆತ್ತಿ ಮನೆಯ ನಂಬರ್ ಒತ್ತಿದಳು. ನನ್ನ ಕಡೆ ತಿರುಗಿ, ಬಾಗಿಲು ಹಾಕಿಕೊಂಡು ಹೋಗಿ ಅನ್ನುವ ಹಾಗೆ ಕಣ್ಣಲ್ಲೇ ಹೇಳಿದಳು.

ರಿಂಗ್ ಆಗುತ್ತಿದೆ. ನಾನು ಎದ್ದೆ. ನೀವೂ ಏಳಿ.