ನಲವತ್ತೊಂದನೆಯ ಮಂತ್ರ

ಮೈದಾ ಹಿಟ್ಟಿನ ಅಂಟಿಗೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಏಳುತ್ತದೆ. ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ ರಟ್ಟಿನ ರಾಶಿಯ ಮೇಲೆ ಕೂತು ಬೆಳೆದ ದೊಡ್ಡಮ್ಮನಿಗೆ ಆ ವಾಸನೆ ಬಂದರೆ ಇಂದಿಗೂ ಯಾರೋ ತಲೆ ಸವರಿದ ಹಾಗಾಗುತ್ತದೆ. ಆ ದಿನ ಬೆಳಿಗ್ಗೆ ತಂಗಿಯ ಮಗಳ ಕೆಲಸದ ಕೋಣೆಗೆ ಕಾಲಿಟ್ಟಾಗ ಮೂಗಿಗೆ ಬಡಿದದ್ದು ಹೆಚ್ಚುಕಡಿಮೆ ಅದೇ. ಮಾದರಿ ಪೆಟ್ಟಿಗೆಗಳಿಗೆ ಹಚ್ಚಿದ ಅಂಟು ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿತ್ತು.

ಆದರೆ ತಲೆ ಸವರಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಕೋಣೆಯೊಳಗೆ ಇಬ್ಬರು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು.

ಒಬ್ಬಳು ತಂಗಿಯ ಮಗಳು. ಹುಟ್ಟಿದಾಗಿನಿಂದ ಚಟಪಟ ಎನ್ನುತ್ತಲೇ ಇರುವುದರಿಂದ ಮನೆಯಲ್ಲಿ ಅವಳಿಗೆ ಚಿನಕುರಳಿ ಎಂದೇ ಹೆಸರು. ಇನ್ನೊಬ್ಬಳು ಅವಳ ಹಾಸ್ಟೆಲ್ ದಿನಗಳ ಗೆಳತಿ, ಚಿತ್ರಗಾರ್ತಿ. ಇಬ್ಬರೂ ಸೇರಿ ಎರಡು ವರ್ಷದಿಂದ ಒಂದು ಕಾರ್ಡಿನ ಆಟ ಕಟ್ಟಿದ್ದರು. ಎದುರುಬದುರು ಕೂತ ಇಬ್ಬರು ಮಾಂತ್ರಿಕರು ಒಂದೊಂದೇ ಮಂತ್ರದ ಕಾರ್ಡು ಇಳಿಸುತ್ತ ಕಾದಾಡುವ ಆಟ. ಗೆಳೆಯರೊಡನೆ ಕಾರ್ಡು ಅದಲುಬದಲು ಮಾಡಿಕೊಳ್ಳುತ್ತ ತಮ್ಮ ಕಟ್ಟು ಬೆಳೆಸಿಕೊಳ್ಳಬೇಕು. ನಿಯಮವೆಲ್ಲ ಚಿನಕುರಳಿಯದು, ಚಿತ್ರವೆಲ್ಲ ಗೆಳತಿಯದು. ಒಟ್ಟು ಇನ್ನೂರ ನಲವತ್ತು ಮಂತ್ರ, ಐದು ಶಾಖೆ: ಅಗ್ನಿ, ಗಾಳಿ, ಮಾಯೆ, ಬಂಧನ, ಆರೈಕೆ. ಒಂದೊಂದು ಶಾಖೆಗೂ ಒಂದೊಂದು ಬಣ್ಣದ ಅಂಚು. ಪ್ರೆಸ್ಸಿನಲ್ಲಿ ಅಚ್ಚಾಗುವುದೂ ಶಾಖೆವಾರು.

ಎಡವಟ್ಟಾದದ್ದು ಅಲ್ಲೇ. ಮತ್ತೊಬ್ಬಳಿಗೆ ಕೆಲಸ ಹಗುರವಾಗಲಿ ಎಂದು ಇಬ್ಬರೂ ಹೇಳದೆ ಕೇಳದೆ ತಮ್ಮ ಪಾಡಿಗೆ ಮಂತ್ರಗಳನ್ನು ವಿಂಗಡಿಸಿಬಿಟ್ಟಿದ್ದರು. ಚಿತ್ರಗಾರ್ತಿ ಚಿತ್ರ ನೋಡಿ ವಿಂಗಡಿಸಿದ್ದಳು, ಚಿನಕುರಳಿ ನಿಯಮ ನೋಡಿ. ಎರಡು ದಿನಗಳ ಹಿಂದೆ ಆ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿದಾಗ ನಲವತ್ತೊಂದು ಕಾರ್ಡುಗಳು ಎರಡೆರಡು ಮನೆಯಲ್ಲಿ ಸಂಸಾರ ಹೂಡಿದ್ದವು. ಅಂದಿನಿಂದ ಇವರಿಬ್ಬರಿಗೂ ಮಾತಿಲ್ಲ. ಸಂಜೆ ನಾಲ್ಕರೊಳಗೆ ಪಟ್ಟಿ ಕೈಸೇರದಿದ್ದರೆ ಯಂತ್ರವನ್ನು ಪಠ್ಯಪುಸ್ತಕಕ್ಕೆ ಬಿಟ್ಟುಕೊಡುತ್ತೇನೆ ಎಂದು ಪ್ರೆಸ್ಸಿನವರು ಹೇಳಿಯಾಗಿತ್ತು. ಹಾಗಾದರೆ ಯಂತ್ರ ಮತ್ತೆ ಸಿಗುವುದು ಎರಡು ತಿಂಗಳ ಮಾತು. ಶಾಲೆಯ ರಜೆಯ ಮಾರಾಟವೂ ಹೋಯಿತು, ಆಟಿಕೆ ಅಂಗಡಿಯವರು ಕಾದಿರಿಸಿದ ಮುಂಭಾಗದ ಕಪಾಟೂ ಹೋಯಿತು.

ಮೂವತ್ತೊಂದು ವರ್ಷ ಕಾಲೇಜಿನ ಗ್ರಂಥಾಲಯ ನೋಡಿಕೊಂಡಿದ್ದ ದೊಡ್ಡಮ್ಮನನ್ನು ಕರೆಸಿದ್ದು ಅದಕ್ಕೇ.

"ದೊಡ್ಡಮ್ಮ, ಹಣೆಯ ಮೇಲೆ ದೀಪ ಇಟ್ಕೊಂಡಿರೋ ಕಪ್ಪೇನ ಅಗ್ನಿಗೆ ಹಾಕಿದಾಳೆ. ಕೇಳು ಅವಳನ್ನ, ಕಪ್ಪೆ ಯಾರನ್ನ ಸುಡುತ್ತೆ ಅಂತ," ಎಂದಳು ಚಿನಕುರಳಿ ಗೋಡೆಯ ಕಡೆ ನೋಡುತ್ತ.

"ದೊಡ್ಡಮ್ಮ, ನೀವೇ ಹೇಳಿ ಅವಳಿಗೆ. ದೀಪ ಇದ್ದ ಮೇಲೆ ಬೆಂಕಿ ಇದ್ದೇ ಇರುತ್ತೆ," ಎಂದಳು ಚಿತ್ರಗಾರ್ತಿ ಕಿಟಕಿಯ ಕಡೆ ನೋಡುತ್ತ.

"ನಾನೇನು ಟಪಾಲಿನವಳಾ?" ಎಂದು ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಕೂತರು. ಕುರ್ಚಿಯ ಪಕ್ಕ ಚಿನಕುರಳಿಯ ಬಟ್ಟೆಯ ಚೀಲವಿತ್ತು. ಬಾಯಿ ತೆರೆದ ಚೀಲದೊಳಗೆ ಊಟದ ಡಬ್ಬಿಗಳು ಎರಡು. ದೊಡ್ಡಮ್ಮ ಅವನ್ನು ನೋಡಿ, ಕಾರ್ಡಿನ ರಾಶಿ ಹತ್ತಿರ ಎಳೆದುಕೊಂಡರು.

"ನಮ್ಮಲ್ಲಿ ಹೊಸ ಪುಸ್ತಕ ಬಂದ್ರೆ ರಟ್ಟಿನ ಬಣ್ಣ ನೋಡ್ತಿರಲಿಲ್ಲ. ಒಳಗೆ ಏನೇನು ಬರೆದಿದೆ ಅಂತ ಪೂರ್ತಿ ಓದೋದಕ್ಕೂ ಪುರುಸೊತ್ತಿರಲಿಲ್ಲ. ಒಂದೇ ಪ್ರಶ್ನೆ. ಇದು ಬೇಕು ಅಂತ ಬರೋ ಹುಡುಗಿ ಯಾವ ಕಪಾಟಿನ ಮುಂದೆ ನಿಂತು ಹುಡುಕ್ತಾಳೆ? ಅಲ್ಲಿಡು, ಮುಗೀತು. ಈಗ ಹೇಳಿ, ಆಡೋರಿಗೆ ಯಾವ ಕಷ್ಟ ಬಂದಾಗ ಈ ಕಪ್ಪೆ ನೆನಪಾಗುತ್ತೆ?"



"ಎದುರಿನವರು ಏನು ಬಚ್ಚಿಟ್ಟಿದಾರೆ ಅಂತ ಗೊತ್ತಾಗದೆ ಇದ್ದಾಗ," ಎಂದಳು ಚಿನಕುರಳಿ.

"ಹಾಗಾದ್ರೆ ಮಾಯೆ," ಎಂದು ಚಿತ್ರಗಾರ್ತಿ ಒಪ್ಪಿಕೊಂಡಳು. "ನನ್ನ ಕಪ್ಪೆಗೆ ಅಲ್ಲೂ ಮರ್ಯಾದೆ ಇರುತ್ತೆ ಬಿಡಿ."

ಅಲ್ಲಿಂದ ಕೆಲಸ ಓಡಿತು. ನೀಲಿ ಬಣ್ಣದಲ್ಲಿ ಬರೆದಿದ್ದರಿಂದ ಗಾಳಿಗೆ ಹೋಗಿದ್ದ 'ಬಿಕ್ಕಳಿಕೆ' ಬಂಧನಕ್ಕೆ ಬಂತು, ಏಕೆಂದರೆ ಬಿಕ್ಕಳಿಸುವ ಮಾಂತ್ರಿಕನಿಗೆ ಮಂತ್ರ ಪೂರ್ತಿ ಹೇಳಲಾಗುವುದಿಲ್ಲ. ಬಾಣಲೆಯ ಚಿತ್ರವಿದ್ದ 'ಹಳೇ ಎಣ್ಣೆ' ಅಡುಗೆಮನೆಯ ಆರೈಕೆಯಿಂದ ಜಾರಿ ಅಗ್ನಿಗೆ ಬಿತ್ತು. 'ಅತ್ತೆಯ ನೋಟ' ಎಂಬ ಕಾರ್ಡು ಬಂದಾಗ ಇಬ್ಬರೂ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅದನ್ನು ಕಿತ್ತುಕೊಂಡರು.

"ಇದಕ್ಕೆ ಚರ್ಚೆ ಬೇಡ, ಬಂಧನ. ನಾನು ಅನುಭವಸ್ಥೆ."

ಚಿತ್ರಗಾರ್ತಿಗೆ ನಗು ತಡೆಯಲಾಗಲಿಲ್ಲ. ಚಿನಕುರಳಿ ನಗದೇ ಇರಲು ತುಟಿ ಕಚ್ಚಿಕೊಂಡಳು. ಮಧ್ಯಾಹ್ನ ಯಾವಾಗ ಸರಿಯಿತೋ ಯಾರಿಗೂ ಗೊತ್ತಾಗಲಿಲ್ಲ. ಮೂರು ಗಂಟೆಗೆ ನಲವತ್ತು ಕಾರ್ಡುಗಳು ತಮ್ಮ ತಮ್ಮ ಮನೆ ಸೇರಿದ್ದವು. ಉಳಿದದ್ದು ಒಂದು.

ಅದರ ಹೆಸರು 'ಪಾಲು'. ಚಿತ್ರದಲ್ಲಿ ಎರಡು ಕೈ, ನಡುವೆ ಒಂದು ಬಟ್ಟಲು. ಬಟ್ಟಲಿನ ಅಂಚು ಒಂದು ಕಡೆ ಒಡೆದಿತ್ತು. ಕೆಳಗೆ ನಿಯಮ: ನಿನ್ನ ಶಕ್ತಿಯಲ್ಲಿ ಅರ್ಧ ಎದುರಿನವರಿಗೆ ಕೊಡು; ಇಬ್ಬರೂ ಒಂದೊಂದು ಹೊಸ ಕಾರ್ಡು ಎತ್ತಿಕೊಳ್ಳಿ. ಮುಂದಿನ ಮೂರು ಸುತ್ತು ಇಬ್ಬರೂ ಏಟು ಹಾಕುವಂತಿಲ್ಲ.

"ಬಂಧನ," ಎಂದಳು ಚಿನಕುರಳಿ. "ಮೂರು ಸುತ್ತು ಕೈ ಕಟ್ಟುತ್ತೆ."

"ಆರೈಕೆ. ಬಂಧನದ ಅಂಚು ಕಡುಗಪ್ಪು. ಆ ಬಟ್ಟಲಿನ ಸುತ್ತ ಕಪ್ಪು ಬಳಿಯೋಕೆ ನಾನು ಬಿಡಲ್ಲ."

"ಅವಳು ಬಿಡದೆ ಇದ್ರೆ ಪ್ರೆಸ್ಸಿಗೆ ಹೋಗಲ್ಲ. ಅಷ್ಟೇ."

ಮತ್ತೆ ಗೋಡೆ, ಮತ್ತೆ ಕಿಟಕಿ. ದೊಡ್ಡಮ್ಮ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು. "ಸರಿ, ಅದೇ ಪ್ರಶ್ನೆ. ಇದನ್ನ ಯಾವಾಗ ಇಳಿಸ್ತೀಯ?"

ಚಿನಕುರಳಿ ತಲೆ ಅಲ್ಲಾಡಿಸಿದಳು. "ಯಾವಾಗಲೂ ಇಲ್ಲ. ಬೇರೆ ಬೇರೆಯವರ ಕೈಲಿ ಅರವತ್ತು ಸಲ ಆಡಿಸಿ ನೋಡಿದೆ. ಒಬ್ಬರೂ ಇಳಿಸಲಿಲ್ಲ. ಗೆಲ್ತಾ ಇರೋರು ಮೂರು ಸುತ್ತು ಯಾಕೆ ಕಾಯ್ತಾರೆ? ಸೋಲ್ತಾ ಇರೋರಿಗೂ ಅದೇ, ಏಟು ಹಾಕದೆ ತಿರುಗಿ ಏಳೋದು ಹೇಗೆ?"

"ಅರವತ್ತು ಸಲಾನಾ?" ಚಿತ್ರಗಾರ್ತಿಯ ದನಿ ಸಣ್ಣಗಾಯಿತು. ಅವಳಿಗೆ ಇದು ಗೊತ್ತಿರಲಿಲ್ಲ.

ದೊಡ್ಡಮ್ಮ ಕಿಟಕಿ ಕಟ್ಟೆಯ ಮೇಲೆ ಅಂಟು ಒಣಗುತ್ತಿದ್ದ ಪೆಟ್ಟಿಗೆಗಳತ್ತ ನೋಡಿದರು. "ಒಂದು ಸಲ ನಮ್ಮಪ್ಪ ಅವಸರದಲ್ಲಿ ಎರಡು ತೆಳು ಪುಸ್ತಕಾನ ಒಂದೇ ರಟ್ಟಿನಲ್ಲಿ ಹೊಲಿದುಬಿಟ್ಟಿದ್ರು. ಒಂದು ಕೂಸುಗಳ ಔಷಧಿದು, ಇನ್ನೊಂದು ಬೀಗ ರಿಪೇರಿದು. ಯಾವ ಕಪಾಟಿಗೂ ಸಲ್ಲಲಿಲ್ಲ, ಯಾರೂ ಓದಲಿಲ್ಲ. ಕೊನೆಗೆ ಅಪ್ಪ ಮತ್ತೆ ನೆನೆಸಿ, ಅಂಟು ಬಿಡಿಸಿ, ನಡುವಿನ ದಾರ ಕತ್ತರಿಸಿದ್ರು." ಅವರು ಕಾರ್ಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಈ ಸಾಲು ಯಾಕೆ ಬಂತು ಮಗಳೇ?"

"ಮೊದಲು ಇರಲಿಲ್ಲ," ಎಂದಳು ಚಿನಕುರಳಿ. "ಅದಿಲ್ದಿದ್ರೆ ತೀರಾ ಮೆತ್ತಗೆ ಅನ್ನಿಸ್ತು. ಆಡೋರು ನಗ್ತಾರೆ ಅನ್ನಿಸ್ತು. ಹಾಸ್ಟೆಲಲ್ಲಿ ನನಗೆ ಜ್ವರ ಬಂದಿದ್ದಾಗಿನ ಬಟ್ಟಲು ಅದು. ಅಂಚು ಒಡೆದದ್ದು. ಅವಳು ತನ್ನ ಊಟಾನೇ ಅರ್ಧ ಮಾಡಿ ಅದರಲ್ಲಿ ತರ್ತಿದ್ಲು. ಅದನ್ನ ಅವಳು ಹಾಗೇ ಬರೆದುಬಿಟ್ಟಿದಾಳೆ. ನನಗೆ ಒಂಥರಾ ನಾಚಿಕೆ ಆಯ್ತು."



"ನಗೋರು ನಗಲಿ," ಎಂದರು ದೊಡ್ಡಮ್ಮ. "ಆ ಸಾಲಿಲ್ಲದಿದ್ರೆ ಇಳಿಸ್ತೀಯಾ?"

ಚಿನಕುರಳಿ ಮನಸ್ಸಿನಲ್ಲೇ ಒಂದು ಆಟ ಆಡಿದಳು. ಅವಳ ಬೆರಳುಗಳು ಮೇಜಿನ ಮೇಲೆ ಇಲ್ಲದ ಕಾರ್ಡುಗಳನ್ನು ಸರಿಸುತ್ತಿದ್ದವು. "ಕೈಯಲ್ಲಿ ಏನೂ ಉಳಿದಿಲ್ಲದಾಗ ಇಳಿಸ್ತೀನಿ. ಅರ್ಧ ಶಕ್ತಿ ಹೋದ್ರೂ ಒಂದು ಹೊಸ ಕಾರ್ಡು ಸಿಗುತ್ತಲ್ಲ. ಎದುರಿನವರಿಗೂ ಸಿಗುತ್ತೆ, ಸಿಗಲಿ." ಪೆನ್ನು ತೆಗೆದುಕೊಂಡು ಕೊನೆಯ ಸಾಲಿನ ಮೇಲೆ ಒಂದು ಗೀಟು ಎಳೆದಳು. ಆಮೇಲೆ, ಎರಡು ದಿನಗಳಲ್ಲಿ ಮೊದಲ ಬಾರಿಗೆ, ಗೆಳತಿಯ ಕಡೆಗೇ ತಿರುಗಿದಳು. "ಆರೈಕೆಯ ಅಂಚು ಯಾವ ಬಣ್ಣ?"

"ಬೆಣ್ಣೆ ಬಣ್ಣ. ನಿನಗೆ ಗೊತ್ತಿಲ್ವಾ?"

"ಗೊತ್ತು. ನಿನ್ನ ಬಾಯಲ್ಲಿ ಕೇಳೋಣ ಅಂತ."

ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಪಟ್ಟಿ ಹೋಯಿತು. ಪ್ರೆಸ್ಸಿನವರು ಫೋನು ಮಾಡಿ, ಯಂತ್ರ ನಿಮಗೇ ಕಾದಿರಿಸಿದ್ದೇನೆ, ಬೇಗ ಕಳಿಸಿದ್ದಕ್ಕೆ ನನಗೇ ಆಶ್ಚರ್ಯ ಎಂದರು. ಚಿತ್ರಗಾರ್ತಿ ಕುಂಚಗಳನ್ನು ತೊಳೆಯಲು ನೀರು ಹಿಡಿದಳು. ನಾಳೆ ಮಾದರಿ ನೋಡಲು ಯಾರು ಹೋಗಬೇಕೆಂದು ಇಬ್ಬರೂ ಆಗಲೇ ಹೊಸ ಜಗಳ ಶುರುಮಾಡಿದ್ದರು. ಈ ಸಲ ಎದುರುಬದುರಾಗಿಯೇ.

ಬೆಳಗಿನಿಂದ ಇಬ್ಬರೂ ಏನೂ ತಿಂದಿಲ್ಲವೆಂದು ದೊಡ್ಡಮ್ಮನಿಗೆ ಆಗ ಹೊಳೆಯಿತು. ಹೇಳಬೇಕೆಂದುಕೊಂಡರು. ಅಷ್ಟರಲ್ಲಿ ಚಿನಕುರಳಿ, ಜಗಳದ ಮಾತು ನಿಲ್ಲಿಸದೆಯೇ, ಬಗ್ಗಿ ಚೀಲದಿಂದ, ಬೆಳಿಗ್ಗೆಯೇ ತುಂಬಿ ತಂದಿದ್ದ ಎರಡನೆಯ ಡಬ್ಬಿ ತೆಗೆದಳು. ಗೆಳತಿಯ ಬೆರಳುಗಳಿಗೆಲ್ಲ ಬಣ್ಣ ಮೆತ್ತಿತ್ತು, ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಅದನ್ನು ತಾನೇ ತಿರುಗಿಸಿ ಸಡಿಲ ಮಾಡಿ, ಕುಂಚಗಳನ್ನು ಒಂದಿಷ್ಟು ಆಚೆ ತಳ್ಳಿ, ಅವಳ ಮುಂದಿಟ್ಟಳು.