ಲೈಪ್‌ಜಿಗ್‌ಗೆ ಹೋದ ಹನ್ನೆರಡು ಮಂದಿ

ಜರ್ಮನಿಯ ಲೈಪ್‌ಜಿಗ್ ಎಂಬ ಊರಿನಲ್ಲಿ ಮೇ ತಿಂಗಳ ಕೊನೆಗೂ ಸ್ವೆಟರ್ ಬೇಕು. ರಾತ್ರಿ ಒಂಬತ್ತು ಗಂಟೆಯಾದರೂ ಬೆಳಕು ಹೋಗುವುದಿಲ್ಲ. ಬೀದಿಯ ಮರಗಳೆಲ್ಲ ಹೂಬಿಟ್ಟಿದ್ದವು, ಜನ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು. ಆ ಬಿಸಿಲಿಗೆ ನಮ್ಮಲ್ಲಿ ಹಪ್ಪಳವೂ ಒಣಗುವುದಿಲ್ಲ. ವಾಪಸು ಬಂದಾಗಿನಿಂದ ಎಲ್ಲರೂ ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ. ಉಳಿದದ್ದನ್ನು ಹೇಳಲು ನನಗೆ ನಾಚಿಕೆ.

ಬುಕ್ಕಾಂಬುಧಿಯ ಡೊಳ್ಳಿನ ತಂಡಕ್ಕೆ ಸಣ್ಣಬೀರಪ್ಪನೆಂಬ ನಾನು ಮೂವತ್ತು ವರ್ಷದಿಂದ ಯಜಮಾನ. ಎರಡು ವರ್ಷದ ಹಿಂದೆ ಹೈಕೆ ಎಂಬ ಜರ್ಮನ್ ಹೆಂಗಸು ಕಡೂರಿನಲ್ಲಿ ನಮ್ಮ ಕುಣಿತ ನೋಡಿದಳು. ನಿಜವಾಗಿ ಅವಳು ನೋಡಿದ್ದು ನನ್ನ ಅಕ್ಕನ ಮಗ ತಿಮ್ಮೇಶನನ್ನು. ಇಬ್ಬರ ಹೆಗಲ ಮೇಲೆ ನಿಂತು, ಸೊಂಟಕ್ಕೆ ಡೊಳ್ಳು ಕಟ್ಟಿಕೊಂಡು, ತಾಳ ತಪ್ಪದೆ ಬಾರಿಸುವವನು ಸುತ್ತಿನ ಮೂರು ತಾಲ್ಲೂಕಿನಲ್ಲಿ ಅವನೊಬ್ಬನೇ. ಅವಳ ಊರಿನ ಉತ್ಸವಕ್ಕೆ ನಮ್ಮ ಹನ್ನೆರಡು ಮಂದಿಗೆ ಕರೆ ಬಂತು.

ಕಾಗದಪತ್ರ ನೋಡಿಕೊಂಡವರು ತರೀಕೆರೆಯ ಮಲ್ಲಿಕಾರ್ಜುನಯ್ಯ. ದೊಡ್ಡವರ ಪರಿಚಯ ಇರುವ ಮನುಷ್ಯ. ಪಟ್ಟಿ ಕಳಿಸುವ ಮುಂಚೆ ನನ್ನನ್ನು ಕರೆಸಿದರು.

“ನಮ್ಮ ಅಳಿಯನ ತಮ್ಮ ಶಿವಪ್ರಸಾದನ ಹೆಸ್ರು ಸೇರಿಸ್ಬೇಕು ಕಣಪ್ಪ. ಒಬ್ಬರನ್ನ ಬಿಡು.”

“ಯಾರನ್ನ ಬಿಡ್ಲಿ ಸ್ವಾಮಿ? ಎಲ್ರೂ ಬೇಕಾದೋರೇ.”

“ನಿಂಗೂ ಅರವತ್ತೆರಡಾಯ್ತು. ಬೇಕಾದ್ರೆ ನೀನೇ ಉಳ್ಕೊ. ನಿನ್ನಿಷ್ಟ.”

ಉಳಿಯಬಹುದಿತ್ತು. ನನ್ನ ಮಂಡಿ ಸವೆದು ಹೋಗಿದೆ, ಒಂದು ದಿನ ಕುಣಿದರೆ ಎರಡು ದಿನ ಮಲಗಬೇಕು. ಆದರೆ ವಿಮಾನ ಹತ್ತುವ ಆಸೆ ಬಿಡಲಿಲ್ಲ. ಬೇರೆ ಯಾರನ್ನು ಬಿಟ್ಟರೂ ಮನೆ ಮುಂದೆ ಬಂದು ಜಗಳ ತೆಗೆಯುತ್ತಿದ್ದರು. ತಿಮ್ಮೇಶ ತೆಗೆಯುವವನಲ್ಲ. ಅವನ ಹೆಸರನ್ನೇ ಹೊಡೆದುಹಾಕಿಸಿದೆ.

“ನಿನ್ನ ವೀಸಾ ಆಗ್ಲಿಲ್ಲ ಕಣೋ. ಯಾಕೋ ಗೊತ್ತಾಗ್ಲಿಲ್ಲ,” ಅಂದೆ.

“ಹೋಗ್ಲಿ ಬಿಡು ಮಾವ. ಮುಂದಿನ್ ಸಲ ನೋಡಾನ.”

ಅಷ್ಟೇ ಅಂದ. ಆಮೇಲೆ ಒಂದು ತಿಂಗಳು ದಿನಾ ಸಂಜೆ ಶಿವಪ್ರಸಾದನಿಗೆ ಡೊಳ್ಳು ಹಿಡಿಯುವುದನ್ನು ಕಲಿಸಿದ. ಹನ್ನೆರಡೂ ಡೊಳ್ಳಿನ ಹಗ್ಗ ಬಿಗಿದು, ಬಾರಿಸಿ ನೋಡಿ, ಬಸ್ಸಿಗೆ ಹಾಕಿಕೊಟ್ಟ. ನಾನು ಕಿಟಕಿ ಪಕ್ಕದ ಸೀಟು ಹುಡುಕಿಕೊಂಡೆ.

ಲೈಪ್‌ಜಿಗ್‌ನಲ್ಲಿ ಟ್ರಾಮ್ ಇಳಿದ ಕೂಡಲೇ ತಿಮ್ಮೇಶ ಎದುರಿಗೇ ಇದ್ದ. ಉತ್ಸವದ ಪೋಸ್ಟರಿನ ತುಂಬ ಅವನೇ, ಬಾಯಿ ತೆರೆದು ನಗುತ್ತಾ, ಇಬ್ಬರ ಹೆಗಲ ಮೇಲೆ. ನಿಲ್ದಾಣ ನಿಲ್ದಾಣಕ್ಕೂ ಅಂಟಿಸಿದ್ದರು.

ಹೈಕೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅಲ್ಲೇ ಓದುತ್ತಿದ್ದ ಕಡೂರಿನ ಹುಡುಗಿ ಭುವನಾ ಅವಳ ಮಾತನ್ನು ಕನ್ನಡದಲ್ಲಿ ಹೇಳಿದಳು: “ಪೋಸ್ಟರ್‌ನಲ್ಲಿರೋರು ಬರ್ಲಿಲ್ವಾ ಅಂತ ಕೇಳ್ತಿದಾರೆ ಅಂಕಲ್.”

“ಅವನ ಕೈ ಮುರೀತು ಅಂತ ಹೇಳಮ್ಮ,” ಅಂದೆ. ವೀಸಾ ಆಗಲಿಲ್ಲ ಅಂದರೆ ಹೈಕೆ ವೀಸಾ ಆಫೀಸಿಗೆ ಫೋನು ಮಾಡಿ ವಿಚಾರಿಸಿಯಾಳು ಎಂದು ಭಯ. ಹೈಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಮರುಗಿದಳು. ನನಗೆ ತಲೆ ಎತ್ತಲಾಗಲಿಲ್ಲ.

ಚಳಿಗೆ ಡೊಳ್ಳಿನ ಚರ್ಮ ಸಡಿಲವಾಗುತ್ತಿತ್ತು. ಬೆಂಕಿ ಹಾಕುವ ಹಾಗಿಲ್ಲ, ಕೂದಲು ಒಣಗಿಸುವ ಯಂತ್ರದಲ್ಲಿ ಕಾಯಿಸಿದೆವು. ಕುಣಿದೆವು, ಜನ ಚಪ್ಪಾಳೆ ತಟ್ಟಿದರು. ಹೆಗಲ ಮೇಲೆ ಹತ್ತುವವರು ಯಾರೂ ಇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಶಿವಪ್ರಸಾದನ ಹಾಸಿಗೆ ಖಾಲಿ. ಬಟ್ಟೆ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಡೊಳ್ಳು ಮಾತ್ರ ಮೂಲೆಯಲ್ಲಿತ್ತು. ಮಲ್ಲಿಕಾರ್ಜುನಯ್ಯನವರಿಗೆ ಪಟ್ಟಿಯಲ್ಲಿ ಆ ಜಾಗ ಯಾತಕ್ಕೆ ಬೇಕಾಗಿತ್ತೆಂದು ಆಗ ತಿಳಿಯಿತು: ಅವನು ಬಂದದ್ದೇ ಜರ್ಮನಿಯಲ್ಲಿ ಕದ್ದು ಉಳಿದುಬಿಡಲು. ಪೊಲೀಸರು ಬಂದರು, ಉಳಿದೆರಡು ದಿನ ನಮ್ಮನ್ನು ಹೋಟೆಲಿನಲ್ಲೇ ಕೂರಿಸಿದರು. ಬುಕ್ಕಾಂಬುಧಿಯ ತಂಡವನ್ನು ಇನ್ನು ಕರೆಯಲಾಗದು ಎಂದು ಹೈಕೆ ಅಳುತ್ತಾ ಹೇಳಿದಳು. ಮುಂದಿನ ವರ್ಷ ತಿಮ್ಮೇಶನನ್ನು ಕಳಿಸುತ್ತೇನೆಂದು ನನಗೆ ನಾನೇ ಹೇಳಿಕೊಂಡಿದ್ದ ಸಮಾಧಾನವೂ ಅಲ್ಲಿಗೆ ಮುಗಿಯಿತು.

ಊರಿಗೆ ಬಂದ ಮೂರು ವಾರಕ್ಕೆ ತಿಮ್ಮೇಶನ ಹೆಸರಿಗೆ ಜರ್ಮನಿಯಿಂದ ಹೈಕೆಯ ಕಾಗದ ಬಂತು, ಭುವನಾ ಕನ್ನಡದಲ್ಲಿ ಬರೆದುಕೊಟ್ಟದ್ದು. ಅವನ ಹೆಂಡತಿ ವಿದ್ಯಾಶ್ರೀ ಓದಿ ಹೇಳಿದಳಂತೆ. ಅದನ್ನು ಹಿಡಿದುಕೊಂಡು ಅವನು ನಮ್ಮ ಜಗಲಿಗೆ ಬಂದು ಕೂತ. ಕೊಟ್ಟ ನೀರು ಕುಡಿದ.

“ಕೈ ಬೇಗ ವಾಸಿಯಾಗ್ಲಿ ಅಂತ ಬರ್ದವ್ಳೆ ಮಾವ, ಆಯಮ್ಮ.”

ನಾನು ಖಾಲಿ ಚೊಂಬು ಎತ್ತಿ ಪಕ್ಕಕ್ಕಿಟ್ಟೆ.

“ಯಾವ ಕೈ ಅಂದಿದ್ದೆ? ಎಡಗೈಯೋ, ಬಲಗೈಯೋ?”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ. ಬಾಯಿಗೆ ಬಂದದ್ದನ್ನು ಹೇಳಿದೆ.

“ಬಲಗೈ ಕಣೋ.”

“ಹಂಗಾದ್ರೆ ಕೋಲು ಹಿಡಿಯಕ್ಕಾಗಕಿಲ್ಲ ಬಿಡು,” ಎಂದು ಎದ್ದು ಹೋದ.

ಆಮೇಲೆ ಅವನು ಡೊಳ್ಳು ಮುಟ್ಟಿಲ್ಲ. ಬೀರದೇವರ ಪೂಜೆಗೆ ಬಂದ, ಕಂಬಕ್ಕೊರಗಿ ಕೈಕಟ್ಟಿ ನಿಂತ. ಯಾಕೋ ತಿಮ್ಮೇಶ, ಬಾರಿಸಲ್ವಾ ಎಂದು ಯಾರು ಕೇಳಿದರೂ, ಕೈ ಮುರಿದೈತೆ, ನಮ್ಮ ಮಾವನ್ನ ಕೇಳಿ ಅನ್ನುತ್ತಾನೆ. ಅವರು ಬಂದು ಕೇಳುತ್ತಾರೆ. ಹೌದು ಅನ್ನುತ್ತೇನೆ.